ಒಂದೇ ಓಟದಲ್ಲಿ ಸರ್ವರ್ ಸಿದ್ಧ: ನನ್ನ ಅನುಭವ

ಹೊಸ ಸರ್ವರ್ ಮೇಲೆ ಪಪೆಟ್ (ಸರ್ವರ್‌ಗಳನ್ನು ತಾನಾಗಿ ಸಿದ್ಧಗೊಳಿಸುವ ತಂತ್ರಾಂಶ) ಮೂರು ಸಲ ಓಡಿದರೆ ಎಲ್ಲ ಸರಿಹೋಗುತ್ತದೆ ಎಂಬುದು ಪುಣೆಯ ಹಿಂಜವಡಿಯ ನಮ್ಮ ಕಚೇರಿಯ ನಂಬಿಕೆಯಾಗಿತ್ತು. ಕೆಲಸಗಳ ಕ್ರಮ ತಪ್ಪಿ ಮೊದಲ ಓಟದಲ್ಲಿ ಬಿದ್ದದ್ದು ಮುಂದಿನ ಓಟಗಳಲ್ಲಿ ಸರಿಹೋಗುತ್ತಲೂ ಇತ್ತು. ಆದರೆ ಗಣೇಶೋತ್ಸವದ ವಾರ ಗ್ರಾಹಕರೊಬ್ಬರ ಮೋದಕದ ಆರ್ಡರ್‌ಗಳು ಏರಿದಾಗ, ಕ್ಲೌಡ್‌ನಲ್ಲಿ ತಾವಾಗಿ ಎದ್ದ ಸರ್ವರ್‌ಗಳು ಮುಂದಿನ ಓಟಕ್ಕಾಗಿ 30 ನಿಮಿಷ ಕಾಯುತ್ತ ಕುಳಿತವು. ಅವು ಸಿದ್ಧವಾಗಲಿಲ್ಲವೆಂದು ಇನ್ನಷ್ಟು ಎದ್ದವು. ಬಿಲ್ ಸುಮಾರು 70,000 ರೂಪಾಯಿ ಹೆಚ್ಚಿಗೆ ಬಂತು.

"ಪಪೆಟ್ ಬಿಟ್ಟು ಅದೇ ಕೆಲಸದ ಇನ್ನೊಂದು ತಂತ್ರಾಂಶ ಆನ್ಸಿಬಲ್ ಹಿಡಿಯೋಣ, ಅದು ಬರೆದ ಕ್ರಮದಲ್ಲೇ ನಡೆಯುತ್ತದೆ" ಎಂದರು ಬೆಳಗಾವಿಯವರಾದ ನಮ್ಮ ಹಿರಿಯರು.

"ಒಂದು ತಿಂಗಳು ಕೊಡಿ ಸರ್" ಎಂದೆ.

ಮೊದಲು ಕಂಡಲ್ಲೆಲ್ಲ ರಿಕ್ವೈರ್, ಅಂದರೆ 'ಇದಕ್ಕಿಂತ ಮುಂಚೆ ಅದು ಆಗಲಿ' ಎಂಬ ಸೂಚನೆ, ಹಾಕಿದೆ. ವಾರದೊಳಗೆ ಡಿಪೆಂಡೆನ್ಸಿ ಸೈಕಲ್: ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ಗೆ ಸರ್ಟಿಫಿಕೇಟ್ ಬೇಕು, ಸರ್ಟಿಫಿಕೇಟ್ ಪಡೆಯಲು ಎಂಜಿನ್‌ಎಕ್ಸ್ ಓಡುತ್ತಿರಬೇಕು. ಇದನ್ನು ಬಿಡಿಸಿದ ಬಗೆಯನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಆಮೇಲೆ ಕೆಲಸಗಳನ್ನು ಹಂತಗಳಾಗಿ ವಿಂಗಡಿಸುವ ರನ್ ಸ್ಟೇಜ್‌ಗಳನ್ನು ನೋಡಿದೆ. ಸ್ಟೇಜ್‌ನ ಗಡಿಯನ್ನು ನೋಟಿಫೈ ('ಬದಲಾಯಿತು, ರೀಸ್ಟಾರ್ಟ್ ಆಗು' ಎಂಬ ಸಂದೇಶ) ದಾಟುವುದಿಲ್ಲ. ಕಡತ ಬದಲಾದರೂ ಸರ್ವಿಸ್ ಹಳೆಯದರಲ್ಲೇ ಓಡುತ್ತಿತ್ತು. ಅದನ್ನೂ ಕಿತ್ತುಹಾಕಿದೆ.

ಹೆಚ್ಚು ದಿನ ತಿಂದದ್ದು ಇನ್‌ಕ್ಲೂಡ್, ಅಂದರೆ ಒಂದು ಕ್ಲಾಸ್‌ನೊಳಗೆ (ಸೂಚನೆಗಳ ಗುಂಪು) ಇನ್ನೊಂದನ್ನು ಕರೆಯುವುದು. ಹೊರಗಿನ ಕ್ಲಾಸ್‌ಗೆ ಕ್ರಮ ತೋರಿಸುವ ಬಾಣ (->) ಹಾಕಿದರೆ ಅದರೊಳಗೆ ಇನ್‌ಕ್ಲೂಡ್ ಮಾಡಿದ ಕ್ಲಾಸ್‌ಗೆ ಆ ಬಾಣ ತಗಲುವುದೇ ಇಲ್ಲ. ಅದು ತನಗೆ ಬೇಕಾದಾಗ ಓಡುತ್ತದೆ. ಒಳಗಿನ ಕ್ಲಾಸನ್ನೂ ಆ ಬಾಣಕ್ಕೆ ಕಟ್ಟಿಹಾಕುವ, ಪಪೆಟ್‌ನ 3.4ನೇ ಆವೃತ್ತಿಯಿಂದಲೇ ಇದ್ದ ಕಂಟೇನ್ ಅನ್ನು ನಮ್ಮಲ್ಲಿ ಯಾರೂ ಬಳಸಿರಲಿಲ್ಲ! ಹತ್ತು ಹನ್ನೆರಡು ಕಡೆ ಅದನ್ನು ಹಾಕಿದೆ. ರಿಕ್ವೈರ್‌ಗಳನ್ನು ಬಹುಪಾಲು ಅಳಿಸಿ, ಕ್ಲಾಸ್‌ಗಳ ನಡುವೆ ಮಾತ್ರ ಬಾಣಗಳನ್ನು ಉಳಿಸಿದೆ.

ನಿಜವಾದ ಗೆಲುವು ತಂದದ್ದು ಆರ್ಡರಿಂಗ್ ಸೆಟ್ಟಿಂಗ್. 4ನೇ ಆವೃತ್ತಿಯಿಂದ, ಈ ಸೆಟ್ಟಿಂಗ್ ಬದಲಿಸದಿದ್ದರೆ, ಪಪೆಟ್ ಕೂಡ ನಾವು ಬರೆದ ಕ್ರಮವನ್ನೇ ಹಿಡಿಯುತ್ತದೆ. ಬಿಟ್ಟುಹೋದ ಅವಲಂಬನೆಗಳು ಆ ಕ್ರಮದ ಮರೆಯಲ್ಲಿ ಬಚ್ಚಿಟ್ಟುಕೊಳ್ಳುತ್ತವೆ. ನಾನು ಪ್ರತಿ ರಾತ್ರಿ ಇಪ್ಪತ್ತು ಖಾಲಿ ಯಂತ್ರಗಳನ್ನು ಎಬ್ಬಿಸಿ, ರ‍್ಯಾಂಡಮ್ ಕ್ರಮದಲ್ಲಿ ಓಡಿಸಿ, ಕೆಡವಿದೆ. ಮೊದಲ ರಾತ್ರಿ ಒಂಬತ್ತು ಬಿದ್ದವು. ಹೆಚ್ಚಿನವು ಆಪ್ಟ್ ಅಪ್‌ಡೇಟ್‌ಗೆ (ಪ್ಯಾಕೇಜ್ ಪಟ್ಟಿ ತಾಜಾ ಮಾಡುವುದಕ್ಕೆ) ಮುಂಚೆ ಪ್ಯಾಕೇಜ್ ಹಾಕಲು ಹೊರಟವು. ಮೂರು ವಾರಕ್ಕೆ ಸೊನ್ನೆ. ಖರ್ಚು ರಾತ್ರಿಗೆ ನೂರೈವತ್ತು ರೂಪಾಯಿಯೂ ಇರಲಿಲ್ಲ.

ಆನ್ಸಿಬಲ್ ಅನ್ನೂ ಒಂದು ಶನಿವಾರ ಪರೀಕ್ಷಿಸಿದೆ. ಕಡತ ಬದಲಿಸಿದ ಮೇಲೆ ಮುಂದಿನ ಟಾಸ್ಕ್ ಬಿದ್ದರೆ, ಸರ್ವಿಸನ್ನು ರೀಸ್ಟಾರ್ಟ್ ಮಾಡಬೇಕಾದ ಹ್ಯಾಂಡ್ಲರ್ ಓಡುವುದಿಲ್ಲ. ಮರುಓಟದಲ್ಲಿ ಕಡತ ಬದಲಾಗುವುದಿಲ್ಲವಾದ್ದರಿಂದ ರೀಸ್ಟಾರ್ಟ್ ಕೈಬಿಟ್ಟೇಹೋಗುತ್ತದೆ. ಟಾಸ್ಕ್ ಬಿದ್ದರೂ ಹ್ಯಾಂಡ್ಲರ್ ಓಡಿಸುವ ಫೋರ್ಸ್ ಹ್ಯಾಂಡ್ಲರ್ಸ್ ಹಾಕಬಹುದು, ಸರಿ. ಆದರೆ ಕ್ರಮದ ಚಿಂತೆ ಅಲ್ಲಿಯೂ ತಪ್ಪುವುದಿಲ್ಲ ಎಂದು ಹಿರಿಯರಿಗೆ ತೋರಿಸಿದೆ. ಕೆಲಸಗಳ ಕ್ರಮದ ನಕ್ಷೆಯಾಗಿ ಪಪೆಟ್ ಕೊಡುವ ಡಾಟ್ ಕಡತವನ್ನು, ಗ್ರಾಫ್‌ವಿಜ್ ಎಂಬ ನಕ್ಷೆ ಬಿಡಿಸುವ ತಂತ್ರಾಂಶದ ಟ್ರೆಡ್‌ಗೆ ಕೊಟ್ಟರೆ ಅನಗತ್ಯ ಗೆರೆಗಳು ಉದುರುತ್ತವೆ. ಆ ಚಿತ್ರ ಈಗ ಗೋಡೆಯ ಮೇಲಿದೆ.

ಮರುವರ್ಷದ ಗಣೇಶೋತ್ಸವದಲ್ಲಿ ಸರ್ವರ್‌ಗಳು ಒಂದೇ ಓಟದಲ್ಲಿ, ಏಳು ನಿಮಿಷದ ಆಸುಪಾಸಿನಲ್ಲಿ ಸಿದ್ಧವಾದವು. ಹಿರಿಯರು ಆ ಚಿತ್ರದ ಇನ್ನೊಂದು ಪ್ರತಿ ಕೇಳಿ ಪಡೆದು ಮುಂಬೈ ತಂಡಕ್ಕೆ ಒಯ್ದರು.