14 ತಿಂಗಳಾಯಿತು, ನಮ್ಮ ಜಿಡ್ಡಿನ ತೊಟ್ಟಿ ಉಕ್ಕಿಲ್ಲ

ಮೊನ್ನೆ ಜೆಟ್ಟಿಂಗ್ ಗಾಡಿಯವನು, ಅಂದರೆ ಕಟ್ಟಿಕೊಂಡ ಪೈಪಿಗೆ ಜೋರಾಗಿ ನೀರು ಹೊಡೆದು ಬಿಡಿಸುವವನು, ತಾನಾಗಿಯೇ ಫೋನ್ ಮಾಡಿದ್ದ. "ಏನ್ ಸಾರ್, ಹೋಟ್ಲು ಮುಚ್ಚಿಬಿಟ್ರಾ? ಕರೆದೇ ಇಲ್ಲ!" ಅಂದ. ನನಗೆ ಆದ ಖುಷಿ ಅಷ್ಟಿಷ್ಟಲ್ಲ.

ನಮ್ಮದು ರಾಜಾಜಿನಗರದಲ್ಲಿ ಒಂದು ದರ್ಶಿನಿ. ನಾನು ಮತ್ತು ನಮ್ಮ ಭಾವ ಪಾಲುದಾರರು. ದಿನಕ್ಕೆ 500-600 ಜನ ಬರುತ್ತಾರೆ. ನಮ್ಮ ಗ್ರೀಸ್ ಟ್ರ್ಯಾಪ್ (ಅಡುಗೆಮನೆಯ ನೀರು ಮೋರಿಗೆ ಹೋಗುವ ಮುಂಚೆ ಜಿಡ್ಡನ್ನು ತಡೆದು ಹಿಡಿಯುವ ತೊಟ್ಟಿ) 3 ಅಡಿ ಉದ್ದ, 2 ಅಡಿ ಅಗಲ, ನೀರು 2 ಅಡಿ ನಿಲ್ಲುತ್ತದೆ. ಅಂದರೆ 340 ಲೀಟರ್ ಆಸುಪಾಸು. ಇಷ್ಟು ಗಿರಾಕಿಗೆ ಅದು ಚಿಕ್ಕದೇ. ದೊಡ್ಡದು ಹಾಕಿಸಲು ಜಾಗವಿಲ್ಲ, ಕಟ್ಟಡದ ಮಾಲೀಕರು ಅಗೆಯಲು ಬಿಡುವುದಿಲ್ಲ.

ಮೊದಲು 20 ದಿನಕ್ಕೊಮ್ಮೆ ತೊಟ್ಟಿಯಲ್ಲಿದ್ದದ್ದನ್ನು ಎಳೆದು ಒಯ್ಯುವ ಟ್ಯಾಂಕರ್ ಕರೆಸುತ್ತಿದ್ದೆವು, ಒಂದು ಸಲಕ್ಕೆ 3,000 ರೂಪಾಯಿ ಮೇಲೆ. ಆದರೂ ಒಂದು ಭಾನುವಾರ ಬೆಳಿಗ್ಗೆ ಎಂಟೂವರೆಗೆ, ವಡೆಗೆ ಜನ ಸಾಲು ನಿಂತಿರುವಾಗ, ಸಿಂಕ್ ಕೆಳಗಿನಿಂದ ನೀರು ಉಕ್ಕಿತು. ಆ ವಾಸನೆ ಕೌಂಟರ್ ತನಕ ಬಂತು. ಶಟರ್ ಎಳೆದೆವು. ಗಲ್ಲಾದಲ್ಲಿ 25,000 ಹೋಯಿತು, ಜೆಟ್ಟಿಂಗ್‌ಗೆ 4,500 ಬೇರೆ.

ಆಮೇಲೆ ಒಬ್ಬ ಪ್ಲಂಬರ್ ಮಾತು ಕೇಳಿ ಕೆಟ್ಟೆ. 2 ಕೆಜಿ ಕಾಸ್ಟಿಕ್ ಸೋಡಾ ಹಾಕಿ, ಮೇಲಿಂದ ಕುದಿಯುವ ನೀರು ಸುರಿಸಿದ. ತೊಟ್ಟಿ ಫಳಫಳ! ಭಾವನ ಮುಂದೆ ಕೊಚ್ಚಿಕೊಂಡಿದ್ದೂ ಆಯಿತು. ಮೂರು ವಾರಕ್ಕೆ 20 ಅಡಿ ಆಚೆ ಚರಂಡಿ ಲೈನ್ ಕಟ್ಟಿಕೊಂಡಿತು. ಟೈಲ್ಸ್ ಒಡೆದು ಪೈಪ್ ಕೊಯ್ದರೆ ಒಳಗೆ ಬಿಳಿ ಕಲ್ಲು. ಜಿಡ್ಡು ಸೋಪಾಗಿ ಹರಿದು, ನಮ್ಮ ಬೋರ್‌ವೆಲ್‌ನ ಗಡಸು ನೀರಿಗೆ ಗಟ್ಟಿಯಾಗಿ ಕೂತಿತ್ತು. 18,000 ಕೈ ಬಿಟ್ಟಿತು. ಕಾಸ್ಟಿಕ್ ಜಿಡ್ಡನ್ನು ತೆಗೆಯುವುದಿಲ್ಲ, ಮುಂದಕ್ಕೆ ದಾಟಿಸುತ್ತದೆ ಅಷ್ಟೆ.

ಬ್ಯಾಕ್ಟೀರಿಯಾ ಪುಡಿಯನ್ನೂ ನಾಲ್ಕು ತಿಂಗಳು ಹಾಕಿದೆ, ಕೆಜಿಗೆ 1,100 ಕೊಟ್ಟು. ಪುಡಿಯದು ತಪ್ಪಿರಲಿಕ್ಕಿಲ್ಲ. ಹುಡುಗರು ದಿನಾ ರಾತ್ರಿ ಫಿನಾಯಿಲ್, ಬ್ಲೀಚಿಂಗ್ ಹಾಕಿ ನೆಲ ತೊಳೆದ ನೀರು ಅದೇ ತೊಟ್ಟಿಗೆ ಬೀಳುತ್ತಿತ್ತು. ದುಡ್ಡು ಕೊಟ್ಟು ತಂದ ಹುಳ ರಾತ್ರಿಯೇ ಸಾಯುತ್ತಿತ್ತು!

ದಾರಿ ಸಿಕ್ಕಿದ್ದು ಒಂದು ಡಿಸೆಂಬರ್ ಬೆಳಿಗ್ಗೆ. ಹಾಲಿನ ಗಾಡಿ ತಡವಾಗಿತ್ತು. ಐದು ಗಂಟೆಗೆ ಸುಮ್ನೆ ತೊಟ್ಟಿಯ ಮುಚ್ಚಳ ಎತ್ತಿದೆ. ಮೇಲೆ ಜಿಡ್ಡು ಹೆಪ್ಪುಗಟ್ಟಿದ ತುಪ್ಪದ ಹಾಗೆ ನಿಂತಿತ್ತು. ಹಳೇ ವಡೆ ಜಾಲರಿ ತಂದು ಎತ್ತಿದರೆ ರೊಟ್ಟಿ ರೊಟ್ಟಿಯಾಗಿ ಬಂತು, ಕಾಲು ಗಂಟೆಯಲ್ಲಿ ಅರ್ಧ ಬಕೆಟ್. ಮರುದಿನ ಒಂಬತ್ತು ಗಂಟೆಗೆ ಅದೇ ಜಾಲರಿ ಹಾಕಿದೆ. ನೀರು ಹಾಲಿನ ಹಾಗೆ ಕಲಕಿತ್ತು, ಏನೂ ಬರಲಿಲ್ಲ. ಇಷ್ಟೇ ವಿಷಯ. ರಾತ್ರಿಯೆಲ್ಲ ಅಲುಗದೆ ನಿಂತ ತೊಟ್ಟಿಗೆ, ಮೊದಲ ನಲ್ಲಿ ತಿರುಗಿಸುವ ಮುಂಚೆ ಕೈ ಹಾಕಬೇಕು.

"ಎಂತ ಭಾವ, ಬೆಳಿಗ್ಗೆ ಬೆಳಿಗ್ಗೆ ಚರಂಡಿ ಪೂಜೆಯಾ?" ಅಂತ ಭಾವ ನಗಾಡಿದರು. ಪಕ್ಕದ ಹೋಟೆಲಿನವರೂ ನಕ್ಕರು.

ಬರೀ ಬಾಚಿದರೆ ಸಾಲದು, ಒಳಗೆ ಹೋಗುವುದನ್ನೂ ತಡೆಯಬೇಕು ಅಲ್ವಾ? ನಮ್ಮಲ್ಲಿ ದೊಡ್ಡ ಕಳ್ಳ ಎಣ್ಣೆಯಲ್ಲ, ದೋಸೆ ಹಿಟ್ಟು. ಗ್ರೈಂಡರ್ ತೊಳೆದ ನೀರು ತಳದಲ್ಲಿ ಗಸಿಯಾಗಿ ಕೂತು ಹುಳಿ ಬರುತ್ತದೆ. ಆ ಮೊದಲ ತೊಳೆದ ನೀರನ್ನು ಬೇರೆ ಡ್ರಮ್ಮಿಗೆ ಹಾಕಿಸಿದೆ. ಹಸು ಸಾಕಿದವರೊಬ್ಬರು ಕಲಗಚ್ಚು ಅಂತ ಒಯ್ಯುತ್ತಾರೆ, ಅವರಿಗೂ ಲಾಭ. ಬೋಂಡ ಬಾಣಲೆಯನ್ನು ಪೇಪರಿನಲ್ಲಿ ಒರೆಸದೆ ಸಿಂಕಿಗೆ ಇಡುವಂತಿಲ್ಲ. ಲೋಟ, ತಟ್ಟೆ ಅದ್ದುವ ಬಿಸಿನೀರು ನೇರ ಮೋರಿಗೆ ಹೋಗುವಂತಿಲ್ಲ, 200 ಲೀಟರ್ ಡ್ರಮ್ಮಿನಲ್ಲಿ ತಣಿಯಬೇಕು. ಬಿಸಿನೀರು ಬಿದ್ದರೆ ತೊಟ್ಟಿಯಲ್ಲಿದ್ದ ಜಿಡ್ಡೂ ಕರಗಿ ಆಚೆ ಹೋಗಿ ಪೈಪಿನಲ್ಲಿ ಕೂರುತ್ತದೆ.

ಇನ್ನೊಂದು ಪೆಟ್ಟು ತಿಂದದ್ದು ಟ್ಯಾಂಕರ್‌ನವರಿಂದ. ಪೂರ್ತಿ ಎಳೆದು ಖಾಲಿ ತೊಟ್ಟಿ ಬಿಟ್ಟು ಹೋದರು. ನೀರು ತುಂಬಿಸದೆ ಅಡುಗೆಮನೆ ಶುರು ಮಾಡಿದೆವು. ನೀರು ಹೊರಹೋಗುವ T ಆಕಾರದ ಟೀ ಪೈಪಿನ ಕೆಳಬಾಯಿ ನೀರಿನಲ್ಲಿ ಮುಳುಗಿರಲಿಲ್ಲ, ತೊಟ್ಟಿ ತುಂಬುತ್ತಾ ತೇಲಿದ ಜಿಡ್ಡು ಅದರೊಳಗೂ ಹೊಕ್ಕು, ನೀರಿನ ಜೊತೆ ಏರಿ ಲೈನಿಗೆ ಹೋಯಿತು! ಈಗ ತಣ್ಣೀರು ತುಂಬಿಸಿದ ಮೇಲೆಯೇ ಅವರಿಗೆ ದುಡ್ಡು. ಮತ್ತೆ, ತೊಟ್ಟಿ ಒಳಗೆ ಯಾರನ್ನೂ ಇಳಿಸಬೇಡಿ. ಒಳಗೆ ತುಂಬುವ ಗ್ಯಾಸ್ ಜೀವ ತೆಗೆಯುತ್ತದೆ. ರಕ್ಷಣೆಯಿಲ್ಲದೆ ಚರಂಡಿ, ಸೆಪ್ಟಿಕ್ ಟ್ಯಾಂಕಿಗೆ ಆಳು ಇಳಿಸುವುದನ್ನು ನಿಷೇಧಿಸುವ 2013ರ ಕಾನೂನೂ ಇದೆ.

ಯಾವಾಗ ಎಳೆಸಬೇಕು ಅಂತ ಈಗ ಅಂದಾಜಿನ ಮೇಲೆ ಹೇಳುವುದಿಲ್ಲ. ಒಂದು ಪಾರದರ್ಶಕ ಪೈಪು ತಳ ಮುಟ್ಟುವ ತನಕ ಇಳಿಸಿ, ಮೇಲಿನ ಬಾಯಿಗೆ ಹೆಬ್ಬೆರಳು ಒತ್ತಿ ಎತ್ತುತ್ತೇನೆ. ಮೇಲೆ ಜಿಡ್ಡು, ನಡುವೆ ನೀರು, ಕೆಳಗೆ ಗಸಿ, ಮೂರೂ ಕಾಣುತ್ತವೆ. ಜಿಡ್ಡು, ಗಸಿ ಸೇರಿ ಆಳದ ಕಾಲು ಭಾಗ, ನಮಗೆ 6 ಇಂಚು ಆದರೆ ಟ್ಯಾಂಕರ್. ಈಗ ಎರಡು ತಿಂಗಳ ಮೇಲಾದರೂ ಅಷ್ಟು ಆಗುವುದಿಲ್ಲ. ಬಾಚಿದ ಜಿಡ್ಡು ಮುಚ್ಚಳದ ಡ್ರಮ್ಮಿನಲ್ಲಿ ಕೂಡಿಟ್ಟು ಅದೇ ಗಾಡಿಗೆ ಕೊಡುತ್ತೇವೆ. ಕರಿದ ಎಣ್ಣೆಯನ್ನಾದರೆ ಬಯೋಡೀಸೆಲ್ ಮಾಡುವವರು ದುಡ್ಡು ಕೊಟ್ಟು ಒಯ್ಯುತ್ತಾರೆ, ಇದನ್ನು ಯಾರೂ ಮೂಸುವುದಿಲ್ಲ. ನಾನೊಮ್ಮೆ ಸೋಪು ಮಾಡಲು ಹೋದೆ. ಸೋಪೇನೋ ಆಯಿತು, ಆದರೆ ಅದರಲ್ಲಿ ಕೈ ತೊಳೆದ ಮೇಲೆ ಇನ್ನೊಂದು ಸೋಪು ಬೇಕಾಯಿತು. ಮನೆಯವಳು ಹೊರಗೆಸೆದಳು.

ಬೇಸಿಗೆಯದೇ ಕಷ್ಟ. ಏಪ್ರಿಲ್‌ನಲ್ಲಿ ರೊಟ್ಟಿ ಕಟ್ಟುವುದಿಲ್ಲ. ಐಸ್ ಗಡ್ಡೆ ಹಾಕಿ ನೋಡಿದೆ, 200 ರೂಪಾಯಿಗೆ ಅಂಗೈಯಗಲ ಜಿಡ್ಡು ಸಿಕ್ಕಿತು. ಮರದ ಹೊಟ್ಟು ಉದುರಿಸಿದೆ, ಅದು ಒದ್ದೆಯಾಗಿ ಮುಳುಗಿ ಟೀ ಪೈಪಿಗೇ ಸಿಕ್ಕಿಕೊಂಡಿತು. ಈಗ ರಾತ್ರಿ ಮಲಗುವ ಮುಂಚೆ ಅಡುಗೆಮನೆಯಲ್ಲೇ ಸಿಗುವ ಒಂದು ಸಾಮಾನು ಹಾಕುತ್ತೇನೆ. ಏನು ಅಂತ ಇಲ್ಲಿ ಬರೆಯುವುದಿಲ್ಲ, ಭಾವನಿಗೂ ಹೇಳಿಲ್ಲ.

ಖರ್ಚು? ಬಾಚುವ ಹುಡುಗನಿಗೆ ತಿಂಗಳಿಗೆ 1,500 ಜಾಸ್ತಿ, ಗ್ಲೌಸು, ಮಾಸ್ಕು ಬೇರೆ. ಹಾಗಿದ್ದೂ ಮೊದಲಿಗಿಂತ ವರ್ಷಕ್ಕೆ 30,000 ಹತ್ತಿರ ಉಳಿಯುತ್ತಿದೆ.

ದೀಪಾವಳಿಗೆ ಆ ಹುಡುಗ ಊರಿಗೆ ಹೋದ, ನಾನೂ ಕುಂದಾಪುರದಲ್ಲಿದ್ದೆ. ಬೆಳಿಗ್ಗೆ ಐದಕ್ಕೆ ಭಾವನ ಫೋನು. "ಭಾವ, ಇವತ್ತು ರೊಟ್ಟಿ ಏಳುದಿಲ್ಲ ಮಾರಾಯ್ರೇ, ಹಾಲಿನ ಹಾಗೆ ಉಂಟು." ಚರಂಡಿ ಪೂಜೆಗೆ ಜಾಲರಿ ಹಿಡಿದು ಅವರೇ ನಿಂತಿದ್ದರು! ನಗು ತಡೆದುಕೊಂಡು ಹೇಳಿದೆ, "ರಾತ್ರಿ ಡ್ರಮ್ಮಿನ ಬಿಸಿನೀರು ತಣಿಯುವ ಮುಂಚೆ ಯಾರು ಚೆಲ್ಲಿದ್ದು ಅಂತ ಕೇಳಿ."