ಫೆಬ್ರುವರಿ, ಒಂದೇ ಊರು, ಐದು ಜನ: ಜಿನೋವಾ ಟ್ರಿಪ್ ಕೊನೆಗೂ ಹೇಗೆ ಕೈಗೆ ಹತ್ತಿತು

"ಇಟಲಿಗೆ ಹೋಗಿ ವೆನಿಸ್ ನೋಡ್ದೆ ಬರ್ತೀಯೇನಮ್ಮ? ಅದೂ ಫೆಬ್ರುವರಿ ಚಳೀಲಿ, ಅಮ್ಮನ್ನ ಕಟ್ಕೊಂಡು?" ಅಂತ ಭಾವ ಮೂರು ಸಲ ಕೇಳಿದ್ರು, ಆಫೀಸಲ್ಲೂ ಅದೇ ಮಾತು, ಹಡಗು ನಿಲ್ಲೋ ಊರಲ್ಲಿ ಹತ್ತು ದಿನ ಏನ್ ಮಾಡ್ತೀರಿ ಅಂತ. 2024ರ ಫೆಬ್ರುವರಿಲಿ ಇಟಲಿಯ ಬಂದರಿನ ಊರು ಜಿನೋವಾಗೆ ಹೋಗಿ ಬಂದ್ವಿ, ನಾನು, ನಮ್ಮೆಜಮಾನ್ರು, ಹತ್ತು ವರ್ಷದ ಮಗಳು, ಐದು ವರ್ಷದ ಮಗ, ಮಂಡಿ ನೋವಿರೋ ಅತ್ತೆ. ಯಾರಿಗೂ ಜ್ವರ ಬರ್ಲಿಲ್ಲ, ಯಾರೂ ಜಗಳ ಆಡ್ಲಿಲ್ಲ, ದುಡ್ಡೂ ಹೇಳಿದ್ದಕ್ಕಿಂತ ಕಮ್ಮೀಲೇ ಮುಗೀತು. ಆದ್ರಿಂದ ಬರೀತಿದೀನಿ. ವೀಸಾ, ಇನ್ಶೂರೆನ್ಸ್, ಫಾರೆಕ್ಸ್ ಕಾರ್ಡು ಇದೆಲ್ಲ ನಿಮಗೆ ಗೊತ್ತಿರೋದೇ, ಅದನ್ನ ಬಿಡ್ತೀನಿ.

ಮೊದಲು ಸೋತಿದ್ದು ಹೇಳ್ಬೇಕು, ಯಾಕಂದ್ರೆ ಎರಡು ಸಲ ಸೋತ ಮೇಲೇನೇ ಈ ಪ್ಲಾನ್ ಹುಟ್ಟಿದ್ದು.

2019ರ ನವೆಂಬರ್ ಕೊನೇಲಿ ಇದೇ ಜಿನೋವಾಗೆ ಹೋಗಿದ್ವಿ. ಚಿಕ್ಕವನು ಆಗ ಇನ್ನೂ ಕಂಕುಳಲ್ಲಿ. ಟಿಕೆಟ್ ಅಗ್ಗ ಇತ್ತು, ಆಫ್ ಸೀಸನ್ ಅಂದ್ರೆ ಎಲ್ಲಾ ಒಂದೇ ಅಂದ್ಕೊಂಡು ಬುಕ್ ಮಾಡ್ಬಿಟ್ವಿ. ಆ ಕರಾವಳಿಲಿ ಅಕ್ಟೋಬರ್ ನವೆಂಬರ್ ಅಂದ್ರೆ ನಮ್ಮ ಆಗುಂಬೆ ಥರ ಸುರಿಯುತ್ತೆ ಅನ್ನೋದು ನಂಗೆ ಗೊತ್ತೇ ಇರ್ಲಿಲ್ಲ. ಬೆಟ್ಟ ಸೀದಾ ಸಮುದ್ರಕ್ಕೆ ಇಳಿಯೋ ಜಾಗ, ಬಿದ್ದ ನೀರಿಗೆ ಊರಿನ ಮಧ್ಯದಲ್ಲೇ ದಾರಿ. 2011ರಲ್ಲಿ, 2014ರಲ್ಲಿ ಹಾಗೇ ಪ್ರವಾಹ ಬಂದು ಜನ ಸತ್ತಿದ್ದಾರೆ. ನಾವು ಹೋದ ವಾರ ರೆಡ್ ಅಲರ್ಟ್ ಕೊಟ್ರು, ಪಕ್ಕದ ಸವೋನಾ ಹತ್ರ ಹೆದ್ದಾರಿ ಸೇತುವೆನೇ ಒಂದು ಗುಡ್ಡ ಜಾರಿ ಕಿತ್ಕೊಂಡು ಹೋಯ್ತು. ಆರು ದಿನದಲ್ಲಿ ನಾಲ್ಕು ದಿನ ರೂಮಲ್ಲೇ ಕೂತು ಮ್ಯಾಗಿ ತಿಂದ್ವಿ. ಸಾಲದ್ದಕ್ಕೆ ರೈಲಲ್ಲಿ ದಂಡ ಬೇರೆ. ಟಿಕೆಟ್ ತಗೊಂಡಿದ್ವಿ, ಹತ್ತೋ ಮುಂಚೆ ಪ್ಲಾಟ್‌ಫಾರಂ ಮೆಷಿನ್‌ಗೆ ತೂರಿಸಿ ಸ್ಟಾಂಪ್ ಹೊಡೆಸ್ಬೇಕು ಅನ್ನೋದು ಮರೆತ್ವಿ, ಇಬ್ಬರಿಗೂ ಸೇರಿ ನೂರು ಯೂರೋ ಹತ್ರ ಹೋಯ್ತು. ಈಗ ಮೊಬೈಲ್ ಟಿಕೆಟ್ ಬಂದಿದೆ, ಆದ್ರೂ ಲೋಕಲ್ ರೈಲಾದ್ರೆ ಹೊರಡೋ ಮುಂಚೆ ಚೆಕ್-ಇನ್ ಒತ್ಲೇಬೇಕು, ಇದನ್ನ ಮರೀಬೇಡಿ.

ಎರಡನೇದು 2022ರ ಮೇ, ಮಕ್ಕಳ ರಜಾ ಅಂತ ಎಲ್ಲರ ಥರ ನಾವೂ ಊರಿಗೆ ಎರಡು ರಾತ್ರಿ ಲೆಕ್ಕದಲ್ಲಿ ರೋಮ್, ಫ್ಲಾರೆನ್ಸ್, ವೆನಿಸ್, ಮಿಲಾನ್. ಹನ್ನೊಂದು ದಿನದಲ್ಲಿ ಸೂಟ್‌ಕೇಸ್ ಎಳೆದಿದ್ದೇ ಜಾಸ್ತಿ. ಏಳು ಲಕ್ಷದ ಮೇಲೆ ಖರ್ಚಾಯ್ತು, ಅತ್ತೆ ಬಂದಿರ್ಲಿಲ್ಲ ಆಗ. ವಾಪಸ್ ಬಂದ್ಮೇಲೆ ಮಗಳನ್ನ ಏನ್ ಇಷ್ಟ ಆಯ್ತು ಅಂತ ಕೇಳಿದ್ರೆ "ಹೋಟೆಲ್ ಲಿಫ್ಟ್" ಅಂದ್ಲು. ಆ ಮಾತು ನನ್ನ ತಲೇಲಿ ಉಳ್ಕೊಂಡ್ತು, ಯಾಕೆ ಅಂತ ಆಮೇಲೆ ಹೇಳ್ತೀನಿ.

ಮೂರನೇ ಸಲ ಮಾಡಿದ್ದು ಇಷ್ಟೇ. ಒಂದೇ ಊರು, ಒಂದೇ ಫ್ಲಾಟು, ತಾರೀಖು ಹಾಕಿದ ಪ್ಲಾನ್ ಇಲ್ಲ. ಒಂದು ಹಾಳೆ ಮಧ್ಯ ಗೆರೆ ಎಳೆದು ಎಡಕ್ಕೆ 'ಬಿಸ್ಲು', ಬಲಕ್ಕೆ 'ಮಳೆ' ಅಂತ ಬರೆದು ಜಾಗಗಳ್ನ ಹಂಚಿ ಫ್ರಿಜ್ ಮೇಲೆ ಅಂಟಿಸಿದೆ, ಬೆಳಿಗ್ಗೆ ಎದ್ದು ಕಿಟಕಿ ನೋಡೋದು, ಆ ಕಡೆಯಿಂದ ಒಂದು ಹೊಡೆದು ಹಾಕೋದು. ಆಫ್ ಸೀಸನ್‌ಗೆ ಇದು ಬಿಟ್ರೆ ಬೇರೆ ಪ್ಲಾನ್ ನಡೆಯಲ್ಲ ಅನ್ನೋದು ನನ್ನ ಖಚಿತ ಅಭಿಪ್ರಾಯ, ಬಂದರಿರೋ ಊರಲ್ಲಂತೂ ಗಾಳಿ ಯಾವಾಗ ತಿರುಗುತ್ತೋ ಯಾರಿಗ್ಗೊತ್ತು. ಫೆಬ್ರುವರಿಲಿ ಹಗಲು ಹನ್ನೆರಡು ಹದಿಮೂರು ಡಿಗ್ರಿ, ರಾತ್ರಿ ಆರೇಳು. ಮಿಲಾನ್‌ಗಿಂತ ಎಷ್ಟೋ ವಾಸಿ, ಹಿಂದಿನ ಬೆಟ್ಟ ಉತ್ತರದ ಚಳಿನ ಸ್ವಲ್ಪ ತಡೀತದೆ. ಆದ್ರೆ ಟ್ರಮೊಂತಾನಾ ಅಂತ ಉತ್ತರದ ಗಾಳಿ ಬೀಸಿದ ದಿನ ಕಿವಿ ಮುಚ್ಕೊಳ್ದೆ ಬಂದರಿನ ಕಡೆ ಹೋಗ್ಬೇಡಿ.

ದುಡ್ಡಿನ ವಿಷಯ. ಲೆಕ್ಕದ ಪುಸ್ತಕ ಎದುರಿಗಿಲ್ಲ, ನೆನಪಿಂದ ಹೇಳ್ತಿದೀನಿ. ಬೆಂಗಳೂರಿಂದ ಮಿಲಾನ್‌ಗೆ ಹೋಗಿ ಬರೋಕೆ ತಲೆಗೆ 46 ಸಾವಿರ ಚಿಲ್ಲರೆ, 2022ರ ಮೇನಲ್ಲಿ ಅದೇ ದಾರಿಗೆ 78 ಕೊಟ್ಟಿದ್ವಿ. ವೀಸಾ ಫೀ ಆಗ ದೊಡ್ಡವರಿಗೆ 80 ಯೂರೋ, ಮಗಳಿಗೆ 40, ಆರು ವರ್ಷದೊಳಗಿನ ಮಗನಿಗೆ ಇಲ್ಲ (ಆಮೇಲೆ ಅದೇ ಜೂನ್‌ನಲ್ಲಿ 90 ಮಾಡಿದ್ರು). ಫ್ಲಾಟು ಎರಡು ಬೆಡ್‌ರೂಮು, ಅಡುಗೆಮನೆ, ವಾಷಿಂಗ್ ಮೆಷಿನ್, ರಾತ್ರಿಗೆ 72 ಯೂರೋ ಥರ ಒಂಬತ್ತು ರಾತ್ರಿ, ಸಿಟಿ ಟ್ಯಾಕ್ಸ್ ಬೇರೆ. ಸೈಟಲ್ಲಿ ತೋರಿಸ್ತಿದ್ದ ರೇಟು 95. ಓನರ್‌ಗೆ ನಾನು ಏನಂತ ಮೆಸೇಜ್ ಹಾಕಿ ಇಳಿಸ್ದೆ ಅನ್ನೋದು ನನ್ನ ಹತ್ರನೇ ಇರ್ಲಿ, ಎಲ್ರೂ ಅದನ್ನೇ ಕಳ್ಸೋಕೆ ಶುರು ಮಾಡಿದ್ರೆ ಕೆಲ್ಸ ಮಾಡಲ್ಲ. ಒಟ್ಟು ಐದು ಜನಕ್ಕೆ ನಾಲ್ಕು ಲಕ್ಷದ ಅರವತ್ತು ಎಪ್ಪತ್ತು ಸಾವಿರ ಆಗಿರ್ಬೇಕು. ಮೇ ಟ್ರಿಪ್ಪಲ್ಲಿ ನಾಲ್ಕು ಜನಕ್ಕೆ ಏಳು ಅಂದ್ನಲ್ಲ, ಹೋಲಿಸಿ ನೋಡಿ.

ಫ್ಲಾಟ್ ಬುಕ್ ಮಾಡೋ ಮುಂಚೆ ಎರಡೇ ಪ್ರಶ್ನೆ ಕೇಳಿ. ಒಂದು, ಲಿಫ್ಟ್ ಇದೆಯಾ, ಯಾಕಂದ್ರೆ ಹಳೇ ಊರಿನ ಓಣಿಗಳಲ್ಲಿ, ಕರುಜ್ಜಿ ಅಂತಾರೆ ಅದಕ್ಕೆ, ಮನೆಗಳು ಆರೇಳು ಅಂತಸ್ತು, ಮೆಟ್ಟಿಲು ಕಡಿದಾದ ಕಲ್ಲು. ಎರಡನೇದು ಇನ್ನೂ ಮುಖ್ಯ, ರಿಸ್ಕಾಲ್ದಮೆಂತೊ ಆಟೊನೊಮೊನಾ ಅಲ್ವಾ. ಅಂದ್ರೆ ಹೀಟಿಂಗ್ ಮನೇದೇ ಸ್ವಂತದ್ದಾ, ಇಲ್ಲ ಇಡೀ ಬಿಲ್ಡಿಂಗ್‌ಗೆ ಒಂದೇನಾ. ಇಟಲಿಲಿ ಕಾನೂನೇ ಇದೆ, ಊರೂರಿಗೆ ಹವಾಮಾನ ನೋಡಿ ದಿನಕ್ಕೆ ಇಷ್ಟೇ ಗಂಟೆ ಹೀಟಿಂಗ್ ಅಂತ, ಜಿನೋವಾಗೆ ಹನ್ನೆರಡು. ಬಿಲ್ಡಿಂಗ್‌ದಾದ್ರೆ ಅದು ಯಾವಾಗ ಹತ್ತುತ್ತೆ ಯಾವಾಗ ಆರುತ್ತೆ ನಿಮ್ಮ ಕೈಲಿಲ್ಲ. 2019ರಲ್ಲಿ ರಾತ್ರಿ ಹತ್ತಕ್ಕೆ ರೇಡಿಯೇಟರ್ ತಣ್ಣಗಾದಾಗ ಕೆಟ್ಟಿದೆ ಅಂತ ಓನರ್‌ಗೆ ಫೋನ್ ಮಾಡಿದ್ದೆ ನಾನು. ಈ ಸಲ ಆಟೊನೊಮೊ ಅಂತ ಮೆಸೇಜಲ್ಲಿ ಬರೆಸ್ಕೊಂಡೇ ದುಡ್ಡು ಕಟ್ಟಿದ್ದು, ಅತ್ತೆ ಬೆಳಿಗ್ಗೆ ಐದಕ್ಕೆ ಏಳೋರು, ಎದ್ದು ತಾವೇ ಗುಂಡಿ ತಿರುಗಿಸಿ ಕಾಫಿ ಇಡ್ತಿದ್ರು.

ಮೊಸರಿಂದೂ ಅಲ್ಲೇ ಆಯ್ತು. ಅಂಗಡಿ ಯೋಗರ್ಟ್ ಅನ್ನಕ್ಕೆ ಕಲಸಿದ್ರೆ ಅಂಟು ಅಂಟು, ಅತ್ತೆಗೆ ಸೇರ್ಲಿಲ್ಲ. ಅದನ್ನೇ ಒಂದು ಚಮಚ ಹೆಪ್ಪಾಕಿ ಹಾಲಿನ ಪಾತ್ರೆನ ಟವೆಲ್ ಸುತ್ತಿ ರೇಡಿಯೇಟರ್ ಮೇಲೆ ಇಟ್ವಿ. ಮೊದಲ ದಿನ ಬಿಸಿ ಜಾಸ್ತಿಯಾಗಿ ಒಡೆದು ನೀರು ನೀರಾಯ್ತು. ಎರಡನೇ ದಿನ ಕೆಳಗೆ ಕಟಿಂಗ್ ಬೋರ್ಡ್ ಇಟ್ಟು ಮೇಲೆ ಪಾತ್ರೆ, ಐದು ಗಂಟೇಲಿ ಗಟ್ಟಿ ಮೊಸರು, ಚಮಚ ಇಟ್ರೆ ಕುಯ್ದ ಹಾಗೆ ಬರ್ತಿತ್ತು. ಒಂಬತ್ತು ದಿನದಲ್ಲಿ ಊಟಕ್ಕೆ ಹೋಟೆಲಿಗೆ ಹೋಗಿದ್ದು ಮೂರೇ ಸಲ.

ಹೊರಗೂ ತಿನ್ನೋಕೆ ತೊಂದ್ರೆ ಇಲ್ಲ, ಸಸ್ಯಾಹಾರಿಗಳಿಗೆ ಇಟಲಿಲಿ ಜಿನೋವಾದಷ್ಟು ಒಳ್ಳೇ ಊರು ನಾನಂತೂ ನೋಡಿಲ್ಲ. ಫಾರಿನಾತಾ ಅಂತ ಒಂದಿದೆ, ಕಡ್ಲೆಹಿಟ್ಟು, ನೀರು, ಆಲಿವ್ ಎಣ್ಣೆ, ಉಪ್ಪು, ಅಷ್ಟೇ. ದೊಡ್ಡ ತಾಮ್ರದ ತಟ್ಟೇಲಿ ತೆಳ್ಳಗೆ ಹುಯ್ದು ಸೌದೆ ಒಲೇಲಿ ಬೇಯಿಸ್ತಾರೆ, ಮೇಲೆ ಕಂದು ಚುಕ್ಕೆ, ಒಳಗೆ ಮೆತ್ತಗೆ. ಅತ್ತೆ ಮೊದಲ ತುತ್ತಿಗೇ "ಕಡ್ಲೆಹಿಟ್ಟಿನ ದೋಸೆ ಕಣೇ ಇದು, ಜೀರಿಗೆ ಹಾಕೋದು ಮರೆತಿದ್ದಾರೆ" ಅಂದ್ರು. ಬಂದರಿನ ಎದುರು ಸೊತ್ತೊರೀಪಾ ಅಂತ ಹಳೇ ಕಮಾನು ಸಾಲಿದೆ, ಅಲ್ಲಿ ಕೆಲವು ಅಂಗಡೀಲಿ ಮೀನು ಕರಿಯೋದೂ ಫಾರಿನಾತಾ ಮಾರೋದೂ ಒಟ್ಟಿಗೇ, ನಮ್ಮ ಥರದವರಿಗೆ ಆಗಲ್ಲ. ನಾವು ತಿಂದ ಅಂಗಡಿ ಒಳಗಿನ ಓಣೀಲಿ, ಎಂಟು ಹತ್ತು ಜನ ಕೂರೋ ಜಾಗ, ಹೆಸರು ಕೇಳ್ಬೇಡಿ. ಪೆಸ್ಟೊ, ಅಂದ್ರೆ ಬೇಸಿಲ್ ಎಲೆ ಅರೆದ ಚಟ್ನಿ, ಅಲ್ಲಿಂದೇ, ಆದ್ರೆ ಅತ್ತೆ ಬೆಳ್ಳುಳ್ಳಿ ಮುಟ್ಟಲ್ಲ. 'ಸೆನ್ಸಾ ಆಲ್ಯೊ' ಅಂತ ಕೇಳಿ, ಬೆಳ್ಳುಳ್ಳಿ ಇಲ್ದೇ ಇರೋದು ಬೇರೆ ಇಟ್ಟಿರ್ತಾರೆ. ಅದರಲ್ಲಿ ಚೀಸ್ ಇರುತ್ತೆ, ಅಲ್ಲಿನ ಹಳೇ ಥರದ ಚೀಸ್‌ಗೆ ಕರುವಿನ ಇಲ್ಲಾ ಕುರಿಮರಿಯ ಹೊಟ್ಟೆಯಿಂದ ತೆಗೆದ ರೆನೆಟ್ ಅನ್ನೋ ಹೆಪ್ಪು ಹಾಕ್ತಾರೆ, ಅಷ್ಟು ಕಟ್ಟುನಿಟ್ಟಿರೋರು ಬಿಟ್ಬಿಡಿ. ವಿಷಯ ಹೇಳಿದ್ಮೇಲೆ ಅತ್ತೆ ಬಿಟ್ರು, ನಾವು ತಿಂದ್ವಿ.

ಈಗ ಲಿಫ್ಟ್ ವಿಷಯ. ಊರು ಬೆಟ್ಟದ ಮೇಲೆ ಹತ್ತಿಕೊಂಡಿರೋದ್ರಿಂದ ಬಸ್ಸು ಓಡಾಡೋ ಹಾಗೆ ಲಿಫ್ಟು, ಹಗ್ಗದ ರೈಲು ಓಡಾಡ್ತವೆ, ನಾವು ಹೋದಾಗ ಅವೆಲ್ಲಾ ಫ್ರೀ ಇತ್ತು. ಮಗಳ ಆ ಮಾತಿಂದಲೇ ನಾನು ಈ ಊರನ್ನ ಮತ್ತೆ ಆರಿಸಿದ್ದು. ಪೊರ್ತೆಲ್ಲೊ ಚೌಕದಿಂದ ಸುರಂಗದೊಳಗೆ ನಡೆದು ಮರದ ಬೆಂಚಿರೋ ಲಿಫ್ಟ್ ಹತ್ತಿದ್ರೆ ಕಾಸ್ತೆಲೆತ್ತೊ ಅನ್ನೋ ಎತ್ತರದ ಜಾಗ, ಅಲ್ಲಿಂದ ಇಡೀ ಊರಿನ ಬೂದು ಸ್ಲೇಟ್ ಚಾವಣಿಗಳು, ಹಿಂದೆ ಕ್ರೇನು, ಹಡಗು, 1543ರಲ್ಲಿ ಕಟ್ಟಿದ ಲಾಂತೆರ್ನಾ ದೀಪಸ್ತಂಭ. ಅತ್ತೆ ಮಂಡಿ ಒಂದು ಮೆಟ್ಟಿಲೂ ಹತ್ತಲಿಲ್ಲ. ಇನ್ನೊಂದಿದೆ, ವಿಯಾ ಬಾಲ್ಬಿ ಹತ್ರ, ದಾಲ್ಬೆರ್ತಿಸ್ ಕೋಟೆಗೆ ಹೋಗೋದು. ಅದು ಮೊದಲು ರೈಲಿನ ಹಾಗೆ ಸುರಂಗದಲ್ಲಿ ಅಡ್ಡ ಹೋಗುತ್ತೆ, ಆಮೇಲೆ ಟಕ್ ಅಂತ ನಿಂತು ಅದೇ ಡಬ್ಬ ಸೀದಾ ಮೇಲಕ್ಕೆ ಏರುತ್ತೆ. ಮಕ್ಕಳು ನಾಲ್ಕು ಸಲ ಹೋಗಿ ಬಂದ್ರು, ನಮ್ಮೆಜಮಾನ್ರು ಐದು.

ಮಳೆ ಪಟ್ಟಿಲಿ ಅಕ್ವೇರಿಯಂ ಇತ್ತು, ಐದು ಜನಕ್ಕೆ ನೂರಿಪ್ಪತ್ತು ಯೂರೋ ಆಸುಪಾಸು, ದುಬಾರಿನೇ, ಆದ್ರೆ ವಾರದ ಮಧ್ಯ ಹೋದ್ರೆ ಪೆಂಗ್ವಿನ್ ಗಾಜಿನ ಮುಂದೆ ನಾವೊಬ್ರೇ. ಗಲಾತಾ ಮ್ಯೂಸಿಯಂ ಎದುರು ನೀರಲ್ಲೇ ನಿಲ್ಸಿರೋ ಜಲಾಂತರ್ಗಾಮಿ ಒಳಗೆ ಬಗ್ಗಿ ಬಗ್ಗಿ ಹೋಗ್ಬೇಕು, ಅತ್ತೆ ಹೊರಗೇ ಕೂತ್ರು. ತಿಂಗಳ ಮೊದಲನೇ ಭಾನುವಾರ ಸರ್ಕಾರಿ ಮ್ಯೂಸಿಯಂಗಳು ಫ್ರೀ, ಫ್ಲೈಟ್ ತಾರೀಖನ್ನ ಅದಕ್ಕೇ ಕೂರಿಸಿದ್ದೆ ನಾನು, ಫೆಬ್ರುವರಿ 4. ಪಲಾತ್ಸೊ ರೆಯಾಲೆ, ಪಲಾತ್ಸೊ ಸ್ಪಿನೊಲಾ ಎರಡನ್ನೂ ಒಂದೇ ದಿನ ಮುಗಿಸಿದ್ವಿ. ಸಾನ್ ಲೊರೆಂತ್ಸೊ ಚರ್ಚಿನೊಳಗೆ ಬಲಗಡೆ ಒಂದು ಫಿರಂಗಿ ಗುಂಡು ಇಟ್ಟಿದ್ದಾರೆ, ನಮ್ಮ ಮಗನಷ್ಟು ಎತ್ತರ, 1941ರ ಫೆಬ್ರುವರಿ 9ಕ್ಕೆ ಬ್ರಿಟಿಷ್ ಹಡಗಿಂದ ಬಂದು ಗೋಡೆ ತೂರಿ ಬಿತ್ತು, ಸಿಡೀಲಿಲ್ಲ. ಮಗ ಅದರ ಪಕ್ಕ ನಿಂತು ಪಿಸುಗುಟ್ಟಿಕೊಂಡೇ ಮಾತಾಡ್ದ, ಎಲ್ಲಿ ಎದ್ದುಬಿಡುತ್ತೋ ಅಂತ.

ಬಿಸಿಲು ಪಟ್ಟಿಲಿ ನಾನು ಹಾಕಿದ ಒಂದಕ್ಕೆ ಮನೇಲಿ ಎಲ್ರೂ ವಿರೋಧ, ಸ್ತಾಲ್ಯೆನೊ ಸ್ಮಶಾನ. ಮಕ್ಕಳನ್ನ ಸ್ಮಶಾನಕ್ಕಾ ಅಂತ. 34ನೇ ನಂಬರ್ ಬಸ್ಸು ಹಿಡಿದು ಹೋದ್ವಿ. ಸಾಲು ಸಾಲು ಅಮೃತಶಿಲೆ ವಿಗ್ರಹ, ಹೆಚ್ಚಿನವು ಊರಿನ ಸಾಹುಕಾರರದು, ಅದರ ಮಧ್ಯ ಒಬ್ಬಳು ಮುದುಕಿ ನಿಂತಿದ್ದಾಳೆ. ಕತೆರೀನಾ ಕಾಂಪೊದೊನಿಕೊ, ಜಾತ್ರೆ ಜಾತ್ರೆ ಸುತ್ತಿ ತಿನ್ನೋ ಬೀಜ, ಬಳೆ ಥರದ ಸಿಹಿ ರೊಟ್ಟಿ ಮಾರ್ತಿದ್ದೋಳು. ಮಾರಿದ ದುಡ್ಡನ್ನೇ ಕೂಡಿಟ್ಟು, ತಾನು ಬದುಕಿರೋವಾಗಲೇ, 1881ರಲ್ಲಿ, ತನ್ನ ವಿಗ್ರಹ ತಾನೇ ಮಾಡಿಸ್ಕೊಂಡಳು. ಕೈಯಲ್ಲಿ ಬೀಜದ ಸರ, ರೊಟ್ಟಿ, ಶಾಲಿನ ಅಂಚಿನ ಕುಚ್ಚು ಒಂದೊಂದೂ ಕಲ್ಲಲ್ಲಿ ಕಾಣ್ಸುತ್ತೆ. ಬಸವನಗುಡಿ ಪರಿಷೇಲಿ ಕಡ್ಲೆಕಾಯಿ ಗುಡ್ಡೆ ಮುಂದೆ ಕೂರೋ ಅಜ್ಜಿ ಮುಖಾನೇ. ಅತ್ತೆ ಅವಳ ಮುಂದೆ ಎಷ್ಟೊತ್ತು ನಿಂತ್ರು ಅಂದ್ರೆ ಮಕ್ಕಳು ಬಂದು ಕೈ ಎಳೆದ್ರು. ಗಂಡ ಹೋದ್ಮೇಲೆ ಹೊಲಿಗೆ ಹಾಕಿ ಮೂರು ಮಕ್ಕಳನ್ನ ಓದಿಸಿದೋರು ಅವ್ರು. "ಇವಳದ್ದು ಒಂದು ಫೋಟೊ ನಂಗೆ ಬೇರೆ ಪ್ರಿಂಟ್ ಹಾಕ್ಸು" ಅಂದ್ರು ಅಷ್ಟೇ, ಈಗ ಅವರ ರೂಮಲ್ಲಿದೆ.

ಕೈಕೊಟ್ಟಿದ್ದು ಒಂದೇ ದಿನ, ಚಿಂಕ್ವೆ ತೆರ್ರೆ, ಅದೇ ಕರಾವಳಿಯ ಐದು ಹಳ್ಳಿಗಳ ಸಾಲು. ಚಳಿಗಾಲದಲ್ಲಿ ದೋಣಿ ಓಡಲ್ಲ ಅಂತ ಗೊತ್ತಿತ್ತು, ಆದ್ರೆ ಅದರಲ್ಲೊಂದಾದ ಮೊಂತೆರೊಸ್ಸೊಲಿ ಇಷ್ಟೊಂದು ಅಂಗಡಿ ಬಾಗಿಲು ಹಾಕಿರ್ತವೆ ಅಂತ ಅಂದ್ಕೊಂಡಿರ್ಲಿಲ್ಲ, ಮಕ್ಕಳಿಗೆ ಬಾತ್‌ರೂಂ ಹುಡುಕೋದೇ ಕಷ್ಟ ಆಯ್ತು. ಅದರ ಬದ್ಲು ಕಮೋಲಿಗೆ ಹೋಗಿ, ಲೋಕಲ್ ರೈಲಲ್ಲಿ ಮುಕ್ಕಾಲು ಗಂಟೆ ಒಳಗೆ, ನಾವು ಹೋದಾಗ ಮೂರ್ನಾಲ್ಕು ಯೂರೋ ಇತ್ತು, ಹನ್ನೆರಡು ವರ್ಷದೊಳಗಿನವರಿಗೆ ಅರ್ಧ. ಸಮುದ್ರದ ದಂಡೇಲಿ ಎತ್ತರದ ಮನೆಗಳು, ಅದರ ಮೇಲೆ ಕಿಟಕಿಗಳ್ನ ಬಣ್ಣದಲ್ಲಿ ಬರೆದಿದ್ದಾರೆ, ಯಾವುದು ನಿಜ ಯಾವುದು ಚಿತ್ರ ಅಂತ ಹತ್ರ ಹೋದ್ರೇ ಗೊತ್ತಾಗೋದು. ಮಗಳು ಸುಳ್ಳು ಕಿಟಕಿ ಎಣಿಸ್ತಾ ನಲವತ್ತೊಂದಕ್ಕೆ ಬಂದಿದ್ಲು, ಅದರಲ್ಲೊಂದು ತೆರೆದು ಯಾರೋ ಬಟ್ಟೆ ಒಣ ಹಾಕಿದ್ರು, ಮತ್ತೆ ಒಂದರಿಂದ ಶುರು.

ಸ್ಕೂಲಿಗೆ ಏಳು ದಿನ ರಜಾ ಹಾಕಿಸ್ಬೇಕಾಯ್ತು, ಅದಕ್ಕೆ ಎರಡು ಸಲ ನನ್ನ ಕರೆಸಿ ಕೂರಿಸ್ಕೊಂಡ್ರು, ಕೊನೆಗೆ ಮಗಳು ದಿನಾ ಒಂದು ಪುಟ ಬರೀತಾಳೆ ಅಂತ ಒಪ್ಪಿಸ್ದೆ. ಬರೆದ್ಲೂ ಕೂಡ.

ಮನೆಗೆ ಬಂದು ಫಾರಿನಾತಾ ಮಾಡೋಕೆ ಹೋದೆ. ಮೊದಲ ಸಲ ನಮ್ಮ ಕಡ್ಲೆಬೇಳೆ ಹಿಟ್ಟಲ್ಲೇ ಮಾಡ್ದೆ, ಜುಣಕದ ವಡೆ ಥರ ಗಟ್ಟಿ ಬಿಲ್ಲೆ ಆಯ್ತು. ಆಮೇಲೆ ಕಾಬೂಲಿ ಕಡ್ಲೆ ಮಿಲ್ಲಲ್ಲಿ ಹಾಕಿಸ್ದೆ, ಒಂದಕ್ಕೆ ಮೂರು ನೀರು, ನಾಲ್ಕೈದು ಗಂಟೆ ಬಿಟ್ಟು ಮೇಲಿನ ನೊರೆ ತೆಗೆದು, ತಟ್ಟೇಲಿ ಎಣ್ಣೆ ಧಾರಾಳ ಹಾಕಿ, ಓಟಿಜಿ ಎಷ್ಟು ಏರುತ್ತೋ ಅಷ್ಟು, 250. ಎರಡನೇದು ತಳ ಹತ್ತಿತು. ಮೂರನೇದು ಬಂತು, ಅದೇ ಕಂದು ಚುಕ್ಕೆ. ಅತ್ತೆ ಎರಡು ಚೂರು ಹಾಗೇ ತಿಂದ್ರು, ಮೂರನೇದಕ್ಕೆ ಜೀರಿಗೆ ಉದುರಿಸ್ಕೊಂಡ್ರು.