ಎಎನ್‌ಎಂನಿಂದ ಜಿಎನ್‌ಎಂಗೆ: ಕಾಸರಗೋಡಿನವರು ಗಮನಿಸಬೇಕಾದ್ದು

ಎಎನ್‌ಎಂ (ಸಹಾಯಕ ನರ್ಸ್ ಮತ್ತು ಪ್ರಸೂತಿ ಸಹಾಯಕಿಯ ಕೋರ್ಸ್), ಅಂದರೆ ಕೇರಳದಲ್ಲಿ ಜೆಪಿಎಚ್‌ಎನ್ (ಜೂನಿಯರ್ ಪಬ್ಲಿಕ್ ಹೆಲ್ತ್ ನರ್ಸ್), ಮುಗಿಸಿದವರು ಸ್ಟಾಫ್ ನರ್ಸ್ ಆಗಲು ಸಾಮಾನ್ಯ ದಾರಿ ಜಿಎನ್‌ಎಂ, ಅಂದರೆ ಜನರಲ್ ನರ್ಸಿಂಗ್ ಮತ್ತು ಮಿಡ್‌ವೈಫರಿ ಡಿಪ್ಲೊಮಾ. ಪೂರ್ತಿ 3 ವರ್ಷ ಓದಬೇಕು. ಮೊದಲು ಓದಿದ 2 ವರ್ಷಕ್ಕೆ ರಿಯಾಯಿತಿಯಿಲ್ಲ. ‘ನೇರವಾಗಿ ಎರಡನೇ ವರ್ಷಕ್ಕೆ ಸೇರಿಸುತ್ತೇವೆ’ ಎನ್ನುವ ಏಜೆಂಟರಿಗೆ ಒಂದು ರೂಪಾಯಿಯನ್ನೂ ಕೊಡಬೇಡಿ.

ಭಾರತೀಯ ನರ್ಸಿಂಗ್ ಪರಿಷತ್ತಿನ ನಿಯಮದಲ್ಲಿ ನೋಂದಾಯಿತ ಎಎನ್‌ಎಂಗಳಿಗೆ ಜಿಎನ್‌ಎಂ ಸೇರುವ ಅರ್ಹತೆಯಿದೆ. ಹಾಗಾಗಿ ನೋಂದಣಿ ಪತ್ರ ಮೊದಲು ಕೈಯಲ್ಲಿರಲಿ, ಅರ್ಜಿ ಆಮೇಲೆ.

ಗಡಿಯವರು ಎಡವುವುದು ಹೆಚ್ಚಾಗಿ ಹೆಸರಿನಲ್ಲಿ. ಎಸ್ಸೆಸ್ಸೆಲ್ಸಿಯಲ್ಲಿ ಇನಿಶಿಯಲ್, ಆಧಾರ್‌ನಲ್ಲಿ ಮನೆತನದ ಹೆಸರು ಇದ್ದರೆ ಕಡತ ಅಲ್ಲೇ ನಿಲ್ಲುತ್ತದೆ. ಸೇರುವ ಮೊದಲೇ ಎಲ್ಲ ದಾಖಲೆಗಳಲ್ಲೂ ಒಂದೇ ಹೆಸರು ಮಾಡಿಸಿಕೊಳ್ಳಿ.

ಮಂಜೇಶ್ವರ, ಉಪ್ಪಳದವರಿಗೆ ಮಂಗಳೂರು ಹತ್ತಿರವೇನೋ ಹೌದು. ಆದರೆ ಅಲ್ಲಿ ಓದಿದರೆ ಮೊದಲ ನೋಂದಣಿ ಕರ್ನಾಟಕದ ನರ್ಸಿಂಗ್ ಪರಿಷತ್ತಿನಲ್ಲಿ. ಊರಿಗೆ ಮರಳಿ ಕೆಲಸ ಮಾಡಲು ಕೇರಳದ ಪರಿಷತ್ತಿನಲ್ಲೂ ನೋಂದಾಯಿಸಬೇಕು. ಎರಡೂ ಕಡೆ ಪರಿಶೀಲನೆಯಾಗುವಷ್ಟು ದಿನ ಕೈಯಲ್ಲಿಟ್ಟುಕೊಳ್ಳಿ. ಕಾಲೇಜಿಗೆ ಮಾನ್ಯತೆ ಇದೆಯೇ ಎಂದು ಪರಿಷತ್ತಿನ ಪಟ್ಟಿಯಲ್ಲೇ ನೋಡಿ, ಫಲಕ ನಂಬಬೇಡಿ.

ಪಾಠ, ಪರೀಕ್ಷೆ ಇಂಗ್ಲಿಷಿನಲ್ಲಿ. ಕನ್ನಡ ಮಾಧ್ಯಮದವರು ಮೊದಲ ವರ್ಷದ ಅನಾಟಮಿ, ಫಿಸಿಯಾಲಜಿಯ ಪದಗಳನ್ನು ರಜೆಯಲ್ಲೇ ಬರೆದು ಕಲಿತರೆ ಒಳ್ಳೆಯದು. ವಾರ್ಡಿನಲ್ಲಿ ಮಲಯಾಳಂ, ತುಳು ಬಂದರೆ ಅರ್ಧ ಕೆಲಸ ಹಗುರ.

ಮುಂದೆ ಪದವಿ ಬೇಕೆನಿಸಿದರೆ ಜಿಎನ್‌ಎಂ ಮುಗಿಸಿದವರಿಗೆ 2 ವರ್ಷದ ಪೋಸ್ಟ್ ಬೇಸಿಕ್ ಬಿಎಸ್ಸಿ ನರ್ಸಿಂಗ್ ಇದೆ.